ಓದಿನಲ್ಲಿ ಮುಂದಿರುವ ಹುಡುಗರನ್ನು ನಮ್ಮ ಹಳ್ಳಿ ಶಾಲೆಗೆ ಮೇಷ್ಟ್ರಾಗಿ ಕರೆತರುವುದು ಹೇಗೆ?

ಚಿಂತಾಮಣಿ ಗಣಿತ

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಮೂರ್ನಾಲ್ಕು ಮಕ್ಕಳು ನಿಜಕ್ಕೂ ಚುರುಕಾಗಿರುತ್ತಾರೆ. ಬೋರ್ಡ್ ಹತ್ತಿರ ಕರೆದರೆ ಹಿಂದಿನ ಬೆಂಚಿನವರಿಗೂ ಅರ್ಥವಾಗುವ ಹಾಗೆ ಲೆಕ್ಕ ಬಿಡಿಸಿ ಹೇಳುತ್ತಾರೆ. ಇವರು ಮೇಷ್ಟ್ರಾದರೆ ಎಷ್ಟು ಚೆನ್ನ ಅನ್ನಿಸುತ್ತದೆ. ಆದರೆ ಒಬ್ಬರೂ ಆ ಕಡೆ ತಿರುಗಿ ನೋಡುವುದಿಲ್ಲ. ಬೆಂಗಳೂರಿನ ಆಫೀಸು, ಇಲ್ಲಾಂದ್ರೆ ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿ, ಅದೂ ಇಲ್ಲಾಂದ್ರೆ ಮನೆಯಲ್ಲಿ ಕೂತು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದು.

ಇತ್ತ ಸುತ್ತಲಿನ ಹಳ್ಳಿಗಳ ಶಾಲೆಯಿಂದ ಬರುವ ಮಕ್ಕಳಿಗೆ ಭಿನ್ನರಾಶಿ ಕೂಡಿಸಲು ಬರುವುದಿಲ್ಲ. ಕೇಳಿದರೆ, "ಎಂಟು, ಒಂಬತ್ತರಲ್ಲಿ ಗಣಿತಕ್ಕೆ ಮಿಸ್ ಇರಲಿಲ್ಲ ಸಾರ್" ಅನ್ನುತ್ತಾರೆ.

ಬೇರೆ ದೇಶಗಳಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ವೆಂಡಿ ಕಾಪ್ 1989ರಲ್ಲಿ ತನ್ನ ಕೊನೆ ವರ್ಷದ ಪ್ರಬಂಧದಲ್ಲಿ ಬರೆದ ಯೋಚನೆಯೇ ಟೀಚ್ ಫಾರ್ ಅಮೆರಿಕ ಆಯಿತು. ಮೊದಲ ತಂಡ 1990ರಲ್ಲಿ ಶಾಲೆಗಳಿಗೆ ಹೋಯಿತು. ಒಳ್ಳೇ ಪದವೀಧರರನ್ನು ಆರಿಸಿ, ಬೇಸಿಗೆಯಲ್ಲಿ ತರಬೇತಿ ಕೊಟ್ಟು, ಎರಡು ವರ್ಷ ಬಡ ಮಕ್ಕಳ ಶಾಲೆಗೆ ಕಳಿಸುವುದು ಅದರ ಕ್ರಮ. ಇಂಗ್ಲೆಂಡಿನಲ್ಲಿ 2002ರಲ್ಲಿ ಟೀಚ್ ಫಸ್ಟ್ ಹುಟ್ಟಿತು. ನಮ್ಮಲ್ಲಿ ಶಾಹೀನ್ ಮಿಸ್ತ್ರಿಯವರ ಟೀಚ್ ಫಾರ್ ಇಂಡಿಯಾ 2009ರಲ್ಲಿ ಮುಂಬೈ ಮತ್ತು ಪುಣೆಯ ತರಗತಿಗಳಿಗೆ ಕಾಲಿಟ್ಟಿತು. ಈಗ ಬೆಂಗಳೂರಿನಲ್ಲೂ ಇದೆ.

ಬೆಂಗಳೂರಿನವರೆಗೆ ಬಂದದ್ದು ಚಿಂತಾಮಣಿಗೆ, ಮುಳಬಾಗಿಲಿಗೆ, ಪಾವಗಡಕ್ಕೆ ಬರಬಾರದಾ? ಬರಬೇಕಾದರೆ ಏನು ಬದಲಾಗಬೇಕು? ಶಾಲೆಯಲ್ಲಿ ಇರುವವರು, ಬಿಟ್ಟು ಬಂದವರು, ಅಪ್ಪ ಅಮ್ಮಂದಿರು ಎಲ್ಲರೂ ಹೇಳಿ.

ನರಸಾಪುರ ಶಿಫ್ಟ್

ಸಾರ್, ನೀವು ಹೇಳಿದ ಆ ಮೂರ್ನಾಲ್ಕು ಜನರಲ್ಲಿ ನಾನೂ ಒಬ್ಬ ಅಂದುಕೊಳ್ಳಿ. ಕಾಲೇಜು ಬೇರೆ, ಅಷ್ಟೇ. ಬಿ.ಎಸ್ಸಿ ಪಿಸಿಎಂ, ಫಸ್ಟ್ ಕ್ಲಾಸ್. ಬಿ.ಎಡ್ ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ. ಅಪ್ಪ ಬೈಯಲಿಲ್ಲ. ಪಕ್ಕ ಕೂರಿಸಿಕೊಂಡು ಲೆಕ್ಕ ಹಾಕಿದರು. ಎರಡು ವರ್ಷದ ಬಿ.ಎಡ್ ಫೀಸು, ಆಮೇಲೆ ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ, ಆಮೇಲೆ ಸರ್ಕಾರ ಯಾವಾಗ ಕರೆಯುತ್ತದೋ ಅಂತ ಕಾಯುವುದು. ಅಷ್ಟರಲ್ಲಿ ತಂಗಿ ಮದುವೆ ಬಂದಿರುತ್ತದೆ.

ಫ್ಯಾಕ್ಟರಿಯಲ್ಲಿ ಸೇರಿದ ತಿಂಗಳೇ ಸಂಬಳ. ಊರಿನ ಹತ್ತಿರಕ್ಕೇ ಬಸ್ ಬರುತ್ತದೆ, ಊಟ ಇದೆ. ಪಾಠ ಮಾಡುವುದು ನನಗೆ ಇಷ್ಟವಿಲ್ಲ ಅಂತಲ್ಲ. ಭಾನುವಾರ ನಮ್ಮ ಬೀದಿಯ ಮಕ್ಕಳಿಗೆ ಈಗಲೂ ಲೆಕ್ಕ ಹೇಳಿಕೊಡುತ್ತೇನೆ. ಆದರೆ "ಬಾ, ಇವತ್ತಿಂದ ಪಾಠ ಮಾಡು, ಇಷ್ಟು ಕೊಡುತ್ತೇವೆ" ಅಂತ ನನ್ನನ್ನು ಯಾರೂ ಕರೆಯಲಿಲ್ಲ.

ಬಾಗೇಪಲ್ಲಿ ಹೈವೇ

ಕೊನೆ ಸಾಲು ಇದೆಯಲ್ಲ, ಅದೇ ಇಡೀ ಸಮಸ್ಯೆ.

ಅತಿಥಿ ಟೀಚರ್

ಕರೆಯುತ್ತಾರೆ ಅಣ್ಣಾ. ಅತಿಥಿ ಶಿಕ್ಷಕಿ ಅಂತ ನನ್ನನ್ನು ಕರೆದರು. ಪ್ರಾಥಮಿಕ ಶಾಲೆಗೆ ತಿಂಗಳಿಗೆ 10 ಸಾವಿರ, ಹೈಸ್ಕೂಲಿಗೆ 10,500 ಇತ್ತು. 2025-26ರ ಬಜೆಟ್‌ನಲ್ಲಿ 2 ಸಾವಿರ ಜಾಸ್ತಿ ಮಾಡಿದರು. ಜಾಸ್ತಿ ಆಯಿತು ಅಂತ ಖುಷಿಪಟ್ಟೆವು, ಸುಳ್ಳು ಹೇಳುವುದಿಲ್ಲ. ಆದರೆ ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ಕೊಡುವುದೂ ತಿಂಗಳು ತಿಂಗಳು ಕೈಗೆ ಬರುವುದಿಲ್ಲ. ದಸರಾಕ್ಕೆ ಬರುತ್ತದೆ ಅಂದದ್ದು ದೀಪಾವಳಿ ಕಳೆದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಬಸ್ ಚಾರ್ಜಿಗೆ ಅಮ್ಮನ ಹತ್ತಿರ ಕೈ ಚಾಚಬೇಕು. ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಅದೊಂದು ತಪ್ಪಿದೆ. ನಿಜವಾಗಿ ದೊಡ್ಡ ಉಪಕಾರ.

ಕಾಯಂ ಟೀಚರ್ ಮಾಡುವ ಎಲ್ಲ ಕೆಲಸವನ್ನೂ ನಾನು ಮಾಡುತ್ತೇನೆ. ಪಾಠ, ಟೆಸ್ಟ್, ಬಿಸಿಯೂಟದ ಲೆಕ್ಕ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು. ಮುಂದಿನ ಜೂನ್‌ನಲ್ಲಿ ಮತ್ತೆ ಕರೆಯುತ್ತಾರಾ ಅಂತ ಮಾತ್ರ ಗೊತ್ತಿರುವುದಿಲ್ಲ. ಯಾರಾದರೂ ವರ್ಗ ಆಗಿ ಬಂದರೆ ನಾನು ಹೊರಗೆ.

ಅಂಕಿಅಂಶ

ಇಲ್ಲಿ ಎರಡು ವಿಷಯ ಕಲಸಿಹೋಗುತ್ತಿದೆ. ಬಿಡಿಸಿ ನೋಡೋಣ.

ಕಾಯಂ ಮೇಷ್ಟ್ರ ಸಂಬಳ ಕಡಿಮೆಯಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15 ಸಾವಿರ ಪದವೀಧರ ಶಿಕ್ಷಕರನ್ನು ಕರೆದಾಗ ಮೂಲ ವೇತನವೇ 27,650ರಿಂದ ಶುರುವಾಗುತ್ತಿತ್ತು. ಅದರ ಮೇಲೆ ಭತ್ಯೆಗಳು. 7ನೇ ವೇತನ ಆಯೋಗದ ಮೇಲೆ ಇನ್ನೂ ಏರಿದೆ. ನಮ್ಮ ಜಿಲ್ಲೆಗಳಲ್ಲಿ ಹೊಸ ಪದವೀಧರನಿಗೆ ಇಷ್ಟು ಕೊಡುವ ಖಾಸಗಿ ಕೆಲಸ ಎಷ್ಟಿವೆ ಹೇಳಿ?

ತೊಂದರೆ ಇರುವುದು ಕಾಯುವುದರಲ್ಲಿ. ಆ 15 ಸಾವಿರ ಹುದ್ದೆಗೆ ಅಧಿಸೂಚನೆ ಬಂದದ್ದು 2022ರ ಮಾರ್ಚ್. ಪರೀಕ್ಷೆ ಮೇ ತಿಂಗಳಲ್ಲೇ ಮುಗಿಯಿತು. ಆಮೇಲೆ ಮದುವೆಯಾದ ಹೆಣ್ಣುಮಕ್ಕಳು ತಂದೆಯ ಜಾತಿ, ಆದಾಯ ಪ್ರಮಾಣಪತ್ರ ಕೊಡಬೇಕಾ, ಗಂಡನದ್ದಾ ಅನ್ನುವ ವಿಷಯ ಹೈಕೋರ್ಟಿಗೆ ಹೋಯಿತು. ನೇಮಕಾತಿ ಆದೇಶ ಕೈಗೆ ಸಿಕ್ಕಿದ್ದು 2023ರ ಕೊನೆಯಲ್ಲಿ. ಅದೂ 13 ಸಾವಿರ ಚಿಲ್ಲರೆ ಜನರಿಗೆ. 15 ಸಾವಿರ ಭರ್ತಿಯೇ ಆಗಲಿಲ್ಲ.

ಓದಿನಲ್ಲಿ ಮುಂದಿರುವವನಿಗೆ ಬೇರೆ ದಾರಿಗಳೂ ಇರುತ್ತವೆ. ಅವನು ಯಾಕೆ ಅಷ್ಟು ಕಾಯುತ್ತಾನೆ? ಬೇರೆ ದಾರಿ ಇಲ್ಲದವರು ಮಾತ್ರ ಕಾಯುತ್ತಾರೆ.

ಪಾವಗಡ ಮೇಷ್ಟ್ರು

ಕೊನೆಯ ಮಾತು ಒಪ್ಪುವುದಿಲ್ಲ. ಬೇರೆ ದಾರಿ ಇದ್ದೂ ಕಾದು ಬಂದವರು ನಾವು ಬೇಕಾದಷ್ಟು ಜನ ಇದ್ದೇವೆ.

ಅಂಕಿಅಂಶ

@ಪಾವಗಡ ಮೇಷ್ಟ್ರು ಇದ್ದೀರಿ ಸಾರ್, ಇಲ್ಲ ಅಂತಲ್ಲ. ಆದರೆ ವ್ಯವಸ್ಥೆ ನಿಮ್ಮಂಥವರ ಹಟದ ಮೇಲೆ ನಿಂತಿದೆ. ಅದು ಸರಿಯಾ?

ಎರಡು ವರ್ಷ ಪಾಠ

ನಾನು ಟೀಚ್ ಫಾರ್ ಇಂಡಿಯಾದ ಆ ಎರಡು ವರ್ಷದ ಫೆಲೋಶಿಪ್ ಮಾಡಿದವಳು. ಬೆಂಗಳೂರಿನ ಒಂದು ಕಡಿಮೆ ಫೀಸಿನ ಶಾಲೆಯಲ್ಲಿ. ನನ್ನ ಊರು ತುಮಕೂರು. ಹೊರಗಿನಿಂದ ನೋಡಿದರೆ ಕಾಣದ ಕೆಲವು ವಿಷಯ ಹೇಳುತ್ತೇನೆ.

ಒಳ್ಳೆಯದು ಮೊದಲು. ಆಯ್ಕೆ ಸುಲಭವಿಲ್ಲ. ಬರೀ ಅಂಕ ನೋಡುವುದಿಲ್ಲ. ನಮ್ಮ ಕೈಯಲ್ಲಿ ಒಂದು ಪಾಠ ಮಾಡಿಸಿ ನೋಡುತ್ತಾರೆ, ಗುಂಪಿನಲ್ಲಿ ಹೇಗೆ ಇರುತ್ತೇವೆ ಅಂತ ನೋಡುತ್ತಾರೆ. ಶಾಲೆ ಶುರುವಾದ ಮೇಲೂ ಒಬ್ಬರು ಮೇಲ್ವಿಚಾರಕರು ತರಗತಿಗೆ ಬಂದು ಹಿಂದೆ ಕೂರುತ್ತಾರೆ. ಸಂಜೆ ಕೂತು, "ಇವತ್ತು ಆ ಕಿಟಕಿ ಪಕ್ಕದ ಹುಡುಗಿಯನ್ನು ನೀನು ಒಂದು ಸಲವೂ ಮಾತಾಡಿಸಲಿಲ್ಲ" ಅಂತ ಹೇಳುತ್ತಾರೆ. ಅಷ್ಟು ಹತ್ತಿರದಿಂದ ನನ್ನ ಪಾಠವನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ. ಆಮೇಲೂ ನೋಡಿಲ್ಲ. ನಾನು ಕಲಿತದ್ದೆಲ್ಲ ಅಲ್ಲೇ.

ಈಗ ನಮ್ಮ ಜಿಲ್ಲೆಗೆ ಹೊಂದದ ವಿಷಯ. ನಮಗೆ ಸಿಗುತ್ತಿದ್ದುದು ಬಹುತೇಕ ಇಂಗ್ಲಿಷ್ ಮಾಧ್ಯಮದ ತರಗತಿ. ಜೊತೆಯವರಲ್ಲಿ ಅರ್ಧ ಜನರಿಗೆ ಕನ್ನಡ ಬರುತ್ತಿರಲಿಲ್ಲ. ಮಕ್ಕಳ ಅಮ್ಮಂದಿರ ಹತ್ತಿರ ಮಾತಾಡಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ದೊಡ್ಡ ನಗರದಲ್ಲಿ ಅದು ಹೇಗೋ ನಡೆಯುತ್ತದೆ. ಮಧುಗಿರಿಯ ಕನ್ನಡ ಶಾಲೆಯಲ್ಲಿ ನಡೆಯುವುದಿಲ್ಲ.

ಶ್ರೀನಿವಾಸಪುರ ಮಾವು

ಕನ್ನಡ ಬಂದರೂ ಸಾಲದು ಅಕ್ಕ. ನಮ್ಮ ಕಡೆ ಒಂದನೇ ಕ್ಲಾಸಿನ ಮಗುವಿಗೆ ತೆಲುಗು ಬರಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಗು ನೀರಿಗೆ "ನೀಳ್ಳು" ಅಂದರೆ ಟೀಚರಿಗೆ ಅರ್ಥವಾಗಬೇಕಲ್ಲ.

ಪಾವಗಡ ಮೇಷ್ಟ್ರು

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಾವಗಡದ ಮೂರು ಕಡೆಯೂ ಆಂಧ್ರ. ನಾನು ಬಯಲುಸೀಮೆಯ ಇನ್ನೊಂದು ಜಿಲ್ಲೆಯಿಂದ ಬಂದವನು. ಸೇರಿದ ಹೊಸದರಲ್ಲಿ ಮಕ್ಕಳು ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ತೆಲುಗು ಕಲಿತೆ. ಯಾರ ಮನೆಯಲ್ಲಿ ನೀರಿಗೆ ಮಗುವನ್ನು ಕಳಿಸುತ್ತಾರೆ, ಯಾರು ಕಡಲೆಕಾಯಿ ಕೀಳುವ ಕಾಲಕ್ಕೆ ಶಾಲೆ ಬಿಡುತ್ತಾರೆ, ಯಾರು ಕೆಲಸ ಹುಡುಕಿ ಬೆಂಗಳೂರಿಗೆ ಹೋಗಿ ಮಗುವನ್ನು ಅಜ್ಜಿ ಹತ್ತಿರ ಬಿಟ್ಟಿದ್ದಾರೆ, ಇದೆಲ್ಲ ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ನಿಜವಾದ ಪಾಠ ಶುರುವಾದದ್ದು ಆಮೇಲೆ. ನಿಮ್ಮ ಯೋಜನೆಯ ಹುಡುಗ ಆ ಹೊತ್ತಿಗೆ ಸರ್ಟಿಫಿಕೇಟ್ ತೆಗೆದುಕೊಂಡು ಹೊರಟಿರುತ್ತಾನೆ. ರಾಗಿ ಬಿತ್ತಿದವನು ಕಳೆ ಕೀಳುವ ಹೊತ್ತಿಗೆ ಊರು ಬಿಟ್ಟರೆ ಹೊಲದ ಗತಿ ಏನು?

ಇನ್ನೊಂದು ಭಯ ಇದೆ. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಎರಡು ವರ್ಷಕ್ಕೆ ಕಡಿಮೆ ದುಡ್ಡಿಗೆ ಉತ್ಸಾಹಿ ಹುಡುಗರು ಸಿಗುತ್ತಾರೆ ಅಂತ ಗೊತ್ತಾದರೆ ಕಾಯಂ ನೇಮಕಾತಿ ಇನ್ನೂ ಹಿಂದೆ ಹೋಗುತ್ತದೆ. ಅತಿಥಿ ಶಿಕ್ಷಕರ ವಿಷಯದಲ್ಲಿ ಆದದ್ದು ಇದೇ ಅಲ್ವಾ? ಖಾಲಿ ಹುದ್ದೆ ತುಂಬುವವರೆಗೆ ತಾತ್ಕಾಲಿಕ ಅಂದರು. ಆ ತಾತ್ಕಾಲಿಕವೇ ವರ್ಷ ವರ್ಷ ಮುಂದುವರಿಯುತ್ತಿದೆ. ಬಡವರ ಮಕ್ಕಳಿಗೆ ಮಾತ್ರ ಯಾಕೆ ತಾತ್ಕಾಲಿಕ ಮೇಷ್ಟ್ರು?

ಅತಿಥಿ ಟೀಚರ್

ಸಾರ್, ಕೈ ಮುಗಿದೆ. ನಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳಿದಿರಿ.

ರೇಷ್ಮೆಗೂಡು

ಶಿಡ್ಲಘಟ್ಟದಿಂದ. ನಾನು ಮೇಷ್ಟ್ರಲ್ಲ, ಇಬ್ಬರು ಮಕ್ಕಳ ತಂದೆ. ಎಲ್ಲರೂ ಸರ್ಕಾರಿ ಶಾಲೆ ಬಗ್ಗೆ ಮಾತಾಡುತ್ತಿದ್ದೀರಿ. ಕಡಿಮೆ ಫೀಸಿನ ಕಾನ್ವೆಂಟ್‌ಗಳ ಸ್ಥಿತಿಯನ್ನೂ ನೋಡಿ. ನನ್ನ ಮಗಳ ಸ್ಕೂಲಿನಲ್ಲಿ ಒಂದೇ ವರ್ಷದಲ್ಲಿ ವಿಜ್ಞಾನದ ಮಿಸ್ ಬದಲಾಗುತ್ತಲೇ ಇದ್ದರು. ಡಿಗ್ರಿ ಮುಗಿಸಿದ ಹುಡುಗಿಯರು ಮದುವೆ ಗೊತ್ತಾಗುವವರೆಗೆ ಬರುತ್ತಾರೆ. ಕೊಡುವ ದುಡ್ಡು ಗೂಡು ಬಿಡಿಸುವ ಕೂಲಿಗಿಂತ ಕಡಿಮೆ. ಬೋರ್ಡಿನಲ್ಲಿ ಮಾತ್ರ ಇಂಗ್ಲಿಷ್ ಮೀಡಿಯಂ. ಬಡವರ ಮಕ್ಕಳ ಶಾಲೆ ಅಂದರೆ ಈಗ ಅರ್ಧ ಇವೇ.

ತಿಪಟೂರು ತೆಂಗು

ಹೌದು. ಅಲ್ಲಿ ಯಾರ ಲೆಕ್ಕವೂ ಇಲ್ಲ. ಟಿಇಟಿ ಕೇಳುವವರೂ ಇಲ್ಲ.

ಕೆಜಿಎಫ್ ಲೋಕಲ್

ನಮ್ಮೂರಿನ ಕಥೆ ಕೇಳಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿಂದ ಊರಿಗೆ ಊರೇ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತದೆ, ರಾತ್ರಿ ವಾಪಸ್ ಬರುತ್ತದೆ. ರೈಲಿನಲ್ಲಿ ನನ್ನ ಪಕ್ಕ ಕೂರುವವರಲ್ಲಿ ಎಂ.ಎಸ್ಸಿ ಮಾಡಿದವರು ಇದ್ದಾರೆ, ಇಂಜಿನಿಯರ್‌ಗಳಿದ್ದಾರೆ. ಇವರ ಮಕ್ಕಳಿಗೇ ಊರಿನಲ್ಲಿ ಲೆಕ್ಕ ಹೇಳಿಕೊಡುವವರಿಲ್ಲ. ಬಂಗಾರಪೇಟೆ ದಾಟುವವರೆಗೆ ಕೂರಲು ಸೀಟು ಸಿಕ್ಕರೆ ಅದೇ ದೊಡ್ಡದು.

ಇವರಲ್ಲಿ ಹತ್ತರಲ್ಲಿ ಒಬ್ಬರನ್ನಾದರೂ ಊರಲ್ಲೇ ಉಳಿಸಿಕೊಂಡರೆ ಬೇರೆ ಎಲ್ಲಿಂದಲೂ ಫೆಲೋ ಬೇಕಿಲ್ಲ. ರೈಲಿನಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಹೋಗುತ್ತದೆ. ಸಂಬಳ ಸ್ವಲ್ಪ ಕಡಿಮೆಯಾದರೂ ಊರಲ್ಲೇ ಇರಲು ಒಪ್ಪುವವರು ಖಂಡಿತ ಇದ್ದಾರೆ.

ಬಾಗೇಪಲ್ಲಿ ಹೈವೇ

ಆ ಸ್ವರ್ಣ ಪ್ಯಾಸೆಂಜರ್ ರೈಲಿಗೆ ಬೋಗಿ ಜಾಸ್ತಿ ಮಾಡಿ ಅಂತ ಕೇಳಿ ಕೇಳಿ ಸಾಕಾಗಿದೆ. ಆ ವಿಷಯಕ್ಕೇ ಬೇರೆ ಚರ್ಚೆ ಶುರು ಮಾಡಿ.

ಗೌರಿಬಿದನೂರು ವಿದ್ಯಾರ್ಥಿ

ನಮ್ಮ ಎಚ್. ನರಸಿಂಹಯ್ಯನವರನ್ನು ಇಷ್ಟು ಹೊತ್ತಾದರೂ ಯಾರೂ ನೆನೆಯಲಿಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯ ಹುಡುಗ. 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದುಕೊಂಡು ಹೋಗಿ ನ್ಯಾಷನಲ್ ಹೈಸ್ಕೂಲ್ ಸೇರಿದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಮೆರಿಕದ ಒಹಾಯೊದಲ್ಲಿ ಪಿಎಚ್.ಡಿ ಮಾಡಿದರು. ಅಲ್ಲೇ ಉಳಿಯಬಹುದಿತ್ತು. ವಾಪಸ್ ಬಂದು ಮತ್ತೆ ಪಾಠ ಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ ಮೇಲೂ ಹಾಸ್ಟೆಲ್ ಕೋಣೆ ಬಿಡಲಿಲ್ಲ. ಗೌರಿಬಿದನೂರಿಗೆ, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದರು. ನಾನು ಓದಿದ್ದು ಅಲ್ಲೇ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು.

ಒಳ್ಳೇ ಪ್ರತಿಭೆ ಪಾಠಕ್ಕೆ ಬರಬೇಕು ಅನ್ನುವುದು ಅಮೆರಿಕದಿಂದ ಕಲಿಯಬೇಕಾದ ವಿಷಯ ಅಲ್ಲ. ನಮ್ಮ ನೆಲದಲ್ಲೇ ಇದೆ.

ಅಂಕಿಅಂಶ

ಎಚ್ಚೆನ್ ಬಗ್ಗೆ ನನಗೂ ತುಂಬಾ ಗೌರವ. ಆದರೆ ಮದುವೆಯಾಗದೆ, ಆಸ್ತಿ ಮಾಡದೆ ಬದುಕಿದವರನ್ನು ತೋರಿಸಿ 22 ವರ್ಷದ ಹುಡುಗಿಗೆ "ನೀನೂ ಹೀಗಿರು" ಅನ್ನಲು ಆಗುವುದಿಲ್ಲ. ತ್ಯಾಗ ಮಾಡದವರೂ ಒಳ್ಳೇ ಮೇಷ್ಟ್ರಾಗಬೇಕು. ಅಂಥ ವ್ಯವಸ್ಥೆ ಬೇಕು.

ಗೌರಿಬಿದನೂರು ವಿದ್ಯಾರ್ಥಿ

ತ್ಯಾಗ ಮಾಡಿ ಅಂತ ನಾನು ಹೇಳಲಿಲ್ಲ. ಮೇಷ್ಟ್ರ ಕೆಲಸಕ್ಕೆ ಆಗ ಇದ್ದ ಮರ್ಯಾದೆ ಬಗ್ಗೆ ಹೇಳಿದೆ. ಈಗ ಹೆಣ್ಣು ನೋಡಲು ಹೋದಾಗ "ಹುಡುಗ ಪ್ರೈವೇಟ್ ಸ್ಕೂಲ್ ಟೀಚರ್" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ತಿಪಟೂರು ತೆಂಗು

ನಮ್ಮ ಕಡೆ ಹಳೇ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಸಿದ್ಧಗಂಗಾ ಮಠದಲ್ಲಿ ಊಟ ಮಾಡಿ ಓದಿದವರು. ಸ್ವಾಮೀಜಿ ಕೈಯಿಂದ ಅನ್ನ ಉಂಡಿದ್ದೇವೆ, ಅದನ್ನು ಊರಿಗೆ ತೀರಿಸಬೇಕು ಅನ್ನುತ್ತಿದ್ದರು. ಆ ಮಾತನ್ನು ನಾನು ಕಿವಿಯಾರೆ ಕೇಳಿ ಬೆಳೆದಿದ್ದೇನೆ.

ಚಿಂತಾಮಣಿ ಗಣಿತ

ತುಂಬಾ ಕಲಿಯುತ್ತಿದ್ದೇನೆ, ಎಲ್ಲರಿಗೂ ಧನ್ಯವಾದ. @ಪಾವಗಡ ಮೇಷ್ಟ್ರು, ನಿಮ್ಮ ಎರಡನೇ ಭಯ ನನ್ನನ್ನು ತುಂಬಾ ಕಾಡುತ್ತಿದೆ. ಆದರೆ ಒಂದು ಪ್ರಶ್ನೆ. ಕಾಯಂ ಮೇಷ್ಟ್ರು ಬರುವವರೆಗೆ ಎಂಟನೇ ತರಗತಿಯ ಮಗು ಕಾಯಲು ಆಗುವುದಿಲ್ಲ. ಅದು ಒಂಬತ್ತಕ್ಕೆ ಹೋಗಿಬಿಡುತ್ತದೆ. ಆ ವರ್ಷ ಮತ್ತೆ ಸಿಗುವುದಿಲ್ಲ. ಅದಕ್ಕೇನು ಮಾಡೋಣ?

ಮತ್ತೆ, ಈ ಫೆಲೋಗಳಿಂದ ಮಕ್ಕಳು ನಿಜವಾಗಿ ಜಾಸ್ತಿ ಕಲಿಯುತ್ತಾರಾ? ಅಧ್ಯಯನ ಏನಾದರೂ ಇದೆಯಾ?

ಅಂಕಿಅಂಶ

ಇದೆ. ಅಮೆರಿಕದಲ್ಲಿ ಮ್ಯಾಥಮ್ಯಾಟಿಕಾ ಅನ್ನುವ ಸಂಶೋಧನಾ ಸಂಸ್ಥೆ 2004ರಲ್ಲಿ ವರದಿ ಕೊಟ್ಟಿತು. ಒಂದೇ ಶಾಲೆಯ ಮಕ್ಕಳನ್ನು ಲಾಟರಿ ಹಾಗೆ ಹಂಚಿ, ಟೀಚ್ ಫಾರ್ ಅಮೆರಿಕದವರ ತರಗತಿ ಮತ್ತು ಬೇರೆಯವರ ತರಗತಿ ಹೋಲಿಸಿದರು. ಗಣಿತದಲ್ಲಿ ಟೀಚ್ ಫಾರ್ ಅಮೆರಿಕದವರ ತರಗತಿಯ ಮಕ್ಕಳು ಸ್ವಲ್ಪ ಮುಂದಿದ್ದರು. ಓದುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಮಗೆ ಅದಕ್ಕಿಂತ ಮುಖ್ಯ ಪಕ್ಕದ ಆಂಧ್ರದ್ದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಮಾಡಿದ್ದು. ಹಳ್ಳಿಗಳ 100 ಸರ್ಕಾರಿ ಶಾಲೆಗಳನ್ನು ಲಾಟರಿಯಲ್ಲಿ ಆರಿಸಿ, ತಲಾ ಒಬ್ಬ ಹೆಚ್ಚುವರಿ ಗುತ್ತಿಗೆ ಶಿಕ್ಷಕರನ್ನು ಕೊಟ್ಟರು. ಇವರು ಹೆಚ್ಚಾಗಿ ಆ ಸುತ್ತಿನವರೇ. ಓದು, ತರಬೇತಿ ಕಾಯಂನವರಿಗಿಂತ ಕಡಿಮೆ. ಸಂಬಳ ಸುಮಾರು ಐದರಲ್ಲಿ ಒಂದು ಭಾಗ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಈ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಉಳಿದ ಶಾಲೆಗಳಿಗಿಂತ ಮುಂದಿದ್ದರು. ಗೈರುಹಾಜರಿ ಕಾಯಂನವರಲ್ಲಿ ಶೇ. 27, ಗುತ್ತಿಗೆಯವರಲ್ಲಿ ಶೇ. 18. ಅಂದರೆ, ಊರಿನ ಹತ್ತಿರದವರು, ದಿನಾ ಬರುವವರು ಇದ್ದರೆ ಮಕ್ಕಳು ಕಲಿಯುತ್ತಾರೆ. ಬಹಳ ದೊಡ್ಡ ಕಾಲೇಜಿನವರೇ ಬೇಕು ಅಂತಿಲ್ಲ.

ಪಾವಗಡ ಮೇಷ್ಟ್ರು

ಗೈರಿನ ಲೆಕ್ಕದಲ್ಲಿ ಒಂದು ಮಾತು ಸೇರಿಸಿ. ಕಾಯಂ ಮೇಷ್ಟ್ರನ್ನು ಜನಗಣತಿ, ಚುನಾವಣೆ, ಮತದಾರರ ಪಟ್ಟಿ, ಸಮೀಕ್ಷೆ, ತರಬೇತಿ ಅಂತ ಹೊರಗೆ ಎಳೆಯುತ್ತಲೇ ಇರುತ್ತಾರೆ. ಶಾಲೆಯಲ್ಲಿ ಇಲ್ಲ ಅಂದರೆ ಮನೆಯಲ್ಲಿ ಮಲಗಿದ್ದಾನೆ ಅಂತಲ್ಲ. 2025ರ ಜಾತಿ ಸಮೀಕ್ಷೆಗೆ ದಸರಾ ರಜೆಯೆಲ್ಲ ಮನೆ ಮನೆ ಸುತ್ತಿದವರು ನಾವು.

ಮತ್ತೆ, ಐದರಲ್ಲಿ ಒಂದು ಭಾಗದ ಸಂಬಳಕ್ಕೆ ಅಷ್ಟು ದುಡಿಸಿದ್ದು ನ್ಯಾಯವಾ? ಮಕ್ಕಳು ಕಲಿತರು, ಸರಿ. ಆ ಟೀಚರ್ ಹೇಗೆ ಬದುಕಿದಳು ಅಂತಲೂ ಕೇಳಬೇಕು.

ಅಂಕಿಅಂಶ

ಎರಡೂ ಮಾತು ಒಪ್ಪಿದೆ. ಕಡಿಮೆ ಸಂಬಳ ಕೊಡಿ ಅಂತ ನಾನು ವಾದ ಮಾಡುತ್ತಿಲ್ಲ. ಊರಿನವರು ಬೇಕು ಅನ್ನುವುದಷ್ಟೇ ನನ್ನ ವಾದ.

ಶ್ರೀನಿವಾಸಪುರ ಮಾವು

ಊರಿನವರು ಅಂದಿರಿ. ಇದಕ್ಕೆ ತೀರಾ ಹತ್ತಿರದಲ್ಲೇ ಉದಾಹರಣೆ ಇದೆ. ನಮ್ಮ ಗಡಿ ದಾಟಿದರೆ ಮದನಪಲ್ಲಿ. ಅಲ್ಲಿ ರಿಷಿ ವ್ಯಾಲಿ ಶಾಲೆ. ಅವರು ಸುತ್ತಲ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಶಾಲೆ ನಡೆಸಿದರು. ಪಾಠ ಮಾಡಿದವರು ಅದೇ ಹಳ್ಳಿಗಳ ಹುಡುಗ ಹುಡುಗಿಯರು. ಅವರಿಗೆ ತರಬೇತಿ ಕೊಟ್ಟು, ಮಕ್ಕಳು ತಮ್ಮ ವೇಗಕ್ಕೆ ಕಲಿಯುವ ಹಾಗೆ ಕಾರ್ಡುಗಳನ್ನು ಮಾಡಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿ ಕಲಿಸಿದರು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಬಂದದ್ದೇ ಅಲ್ಲಿಂದ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಅಲ್ಲಿಗೆ ಹೋಗಿ ನೋಡಿ ಬಂದು ಶುರು ಮಾಡಿದರು. ಆಮೇಲೆ ಇಡೀ ರಾಜ್ಯಕ್ಕೆ ಹರಡಿತು.

ಇಲ್ಲಿಂದ ಕೂಗಳತೆಯಲ್ಲಿರುವುದು ಎಚ್.ಡಿ. ಕೋಟೆ ಸುತ್ತಿ ನಮಗೆ ಬಂತು.

ರೇಷ್ಮೆಗೂಡು

ಕುಪ್ಪಂ ಹತ್ತಿರದ ಅಗಸ್ತ್ಯ ಸಂಸ್ಥೆಯವರ ವ್ಯಾನ್ ನಮ್ಮ ಪಕ್ಕದ ಊರಿನ ಶಾಲೆಗೆ ಬಂದಿತ್ತು. ವಿಜ್ಞಾನದ ಪ್ರಯೋಗ ತೋರಿಸಿದರು. ಮಕ್ಕಳು ವಾರವೆಲ್ಲ ಅದೇ ಮಾತು. ಆದರೆ ವ್ಯಾನ್ ಹೋದ ಮೇಲೆ ದಿನಾ ಪಾಠ ಮಾಡುವವರು ಬೇಕಲ್ಲ.

ಮುಳಬಾಗಿಲು ದೋಸೆ

ವಿಷಯ ಸ್ವಲ್ಪ ಬೇರೆ. ನಮ್ಮ ಶಾಲೆಗೆ ಮೊಟ್ಟೆ ವಾರಕ್ಕೆ ಆರು ದಿನ ಕೊಡಲು ಶುರು ಮಾಡಿದ ಮೇಲೆ ಹಾಜರಿ ಚೆನ್ನಾಗಿದೆ. ಬೆಳಿಗ್ಗೆ ಹಾಲು, ರಾಗಿ ಮಾಲ್ಟ್. ಖಾಲಿ ಹೊಟ್ಟೆಯ ಮಗುವಿಗೆ ಎಂಥ ಮೇಷ್ಟ್ರು ಬಂದರೂ ಪಾಠ ಹತ್ತುವುದಿಲ್ಲ.

ಬಾಗೇಪಲ್ಲಿ ಹೈವೇ

ಬೇರೆ ಅಲ್ಲ, ಇದೇ ವಿಷಯ. ನಮ್ಮಲ್ಲೂ ಹಾಗೇ ಆಗಿದೆ. ಆದರೆ ಮೊಟ್ಟೆ ಬೇಯಿಸಿ ಸುಲಿಸುವ ಲೆಕ್ಕ ಹೆಡ್ ಮಾಸ್ಟರ್ ತಲೆ ಮೇಲೆ ಬಂದಿದೆ. ಇಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಒಬ್ಬರು ಅದಕ್ಕೇ ಹೋಗುತ್ತಾರೆ.

ಕೆಜಿಎಫ್ ಲೋಕಲ್

ಎಸ್ಸೆಸ್ಸೆಲ್ಸಿಯನ್ನೂ ಮರೆಯಬೇಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಅಷ್ಟು ಕೊಟ್ಟ ಮೇಲೂ ಶೇ. 73.40ಕ್ಕೆ ಬಂತು. ಹತ್ತನೇ ತರಗತಿಯವರೆಗೆ ಬಂದ ಮಕ್ಕಳಿಗೆ ಪಾಠ ಎಷ್ಟು ತಲುಪಿತ್ತು ಅಂತ ಆವತ್ತು ಕಾಣಿಸಿತು.

ಎರಡು ವರ್ಷ ಪಾಠ

ನನ್ನ ಅನಿಸಿಕೆ ಹೇಳುತ್ತೇನೆ. ಆ ಫೆಲೋಶಿಪ್‌ನಿಂದ ನಾವು ಎರವಲು ತರಬೇಕಾದದ್ದು ದೂರದ ಹುಡುಗರನ್ನಲ್ಲ, ಅವಧಿಯನ್ನೂ ಅಲ್ಲ. ಮೂರು ವಿಷಯ ತರಬೇಕು. ಕಾಲೇಜಿನ ಕೊನೆ ವರ್ಷದಲ್ಲೇ ಹೋಗಿ "ನೀನು ಬಾ" ಅಂತ ಹೆಸರು ಹಿಡಿದು ಕರೆಯುವುದು. ಪಾಠ ಮಾಡಿಸಿ ನೋಡಿ ಆರಿಸುವುದು. ಸೇರಿದ ಮೇಲೆ ಒಬ್ಬ ಅನುಭವಿ ಮೇಷ್ಟ್ರು ತರಗತಿಯಲ್ಲಿ ಕೂತು ತಿದ್ದುವುದು. ನಮ್ಮ ಸರ್ಕಾರಿ ನೇಮಕಾತಿಯಲ್ಲಿ ಈ ಮೂರೂ ಇಲ್ಲ. ಬರೆಯುವ ಪರೀಕ್ಷೆ ಬಿಟ್ಟರೆ, ಇವನು ಮಕ್ಕಳ ಎದುರು ಬಾಯಿ ಬಿಡುತ್ತಾನಾ ಅಂತಲೂ ನೋಡುವುದಿಲ್ಲ.

ಚಿಂತಾಮಣಿ ಗಣಿತ

ಇದು ನನಗೆ ತುಂಬಾ ಹಿಡಿಸಿತು. ಹಾಗಾದರೆ ಹೀಗೆ ಆಗಬಹುದಾ? ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳ ಡಿಗ್ರಿ ಕಾಲೇಜುಗಳಲ್ಲೇ ಹುಡುಕೋಣ. ತೆಲುಗು, ಕನ್ನಡ ಎರಡೂ ಬರುವ ಇಲ್ಲಿಯ ಮಕ್ಕಳು. ಹನ್ನೆರಡು ತಿಂಗಳೂ ಗೌರವಧನ, ತಿಂಗಳಿನ ಕೊನೆಗೆ ಖಾತೆಗೆ. ಪಾಠ ಮಾಡುತ್ತಲೇ ಬಿ.ಎಡ್ ಮುಗಿಸಲು ಸಹಾಯ. ಆಮೇಲೆ ಕಾಯಂ ನೇಮಕಾತಿಯಲ್ಲಿ ಆ ಅನುಭವಕ್ಕೆ ಒಂದಿಷ್ಟು ಅಂಕ.

ಅಂಕಿಅಂಶ

ಕಾನೂನಿನ ಒಂದು ಗೋಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಂ ಪ್ರಕಾರ ಒಂದರಿಂದ ಎಂಟನೇ ತರಗತಿಗೆ ಕಲಿಸುವವರಿಗೆ ನಿಗದಿ ಮಾಡಿದ ಅರ್ಹತೆ ಇರಬೇಕು. ಟಿಇಟಿ ಕಡ್ಡಾಯ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿದೆ. ನಿವೃತ್ತಿಗೆ 5 ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವ ಹಳೇ ಮೇಷ್ಟ್ರುಗಳೂ ಟಿಇಟಿ ಪಾಸಾಗಬೇಕು ಅಂತ ಹೇಳಿದೆ. ಹೀಗಿರುವಾಗ ಬರೀ ಬಿ.ಎಸ್ಸಿ ಮಾಡಿದವರಿಗೆ ತರಗತಿಯ ಪೂರ್ತಿ ಜವಾಬ್ದಾರಿ ಕೊಡುವುದು ಕಷ್ಟ. ಕಾಯಂ ಮೇಷ್ಟ್ರ ಜೊತೆ ಸಹಾಯಕರಾಗಿ ಇರಬಹುದು.

ಪಾವಗಡ ಮೇಷ್ಟ್ರು

ಸಹಾಯಕರಾಗಿ ಅಂದರೆ ನನಗೆ ಪೂರ್ತಿ ಒಪ್ಪಿಗೆ. ನಮ್ಮ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಮೂರು ತರಗತಿ. ಪಕ್ಕದಲ್ಲಿ ಊರಿನ ಒಬ್ಬ ಹುಡುಗಿ ಇದ್ದು, ಹಿಂದೆ ಉಳಿದ ಮಕ್ಕಳನ್ನು ಕೂರಿಸಿಕೊಂಡರೆ ಎಷ್ಟು ಅನುಕೂಲ. ನಾನೇ ಅವಳಿಗೆ ಕಲಿಸುತ್ತೇನೆ. ಆದರೆ ಒಂದು ಷರತ್ತು. ಖಾಲಿ ಹುದ್ದೆಯ ಲೆಕ್ಕದಲ್ಲಿ ಅವಳನ್ನು ತೋರಿಸಬಾರದು. ಹುದ್ದೆ ಖಾಲಿ ಅಂತಲೇ ಉಳಿಯಬೇಕು, ಅದಕ್ಕೆ ಕಾಯಂ ಮೇಷ್ಟ್ರೇ ಬರಬೇಕು. ಇದನ್ನು ಬರೆದು ಕೊಟ್ಟರೆ ನಾನೇ ಮುಂದೆ ನಿಂತು ಮಾಡಿಸುತ್ತೇನೆ.

ಅತಿಥಿ ಟೀಚರ್

ನನ್ನದೂ ಒಂದು ಷರತ್ತು. ಹೊಸಬರಿಗೆ ಗೌರವಧನ, ತರಬೇತಿ ಎಲ್ಲ ಕೊಡುವ ಮೊದಲು ಈಗಾಗಲೇ ಪಾಠ ಮಾಡುತ್ತಿರುವ ನಮಗೆ ಹನ್ನೆರಡು ತಿಂಗಳ ಸಂಬಳ ಮಾಡಿ. ನಮ್ಮಲ್ಲಿ ಬಿ.ಎಡ್ ಇದೆ, ಟಿಇಟಿ ಇದೆ. ನಾನು ರ‍್ಯಾಂಕ್ ಪಡೆದವಳು. ಪ್ರತಿಭಾವಂತರನ್ನು ಹುಡುಕುತ್ತಾ ಕಾಲೇಜಿಗೆ ಹೋಗುವವರು ದಾರಿಯಲ್ಲಿ ನಮ್ಮ ಶಾಲೆಯ ಸ್ಟಾಫ್ ರೂಮಿಗೂ ಬರಲಿ.

ಎರಡು ವರ್ಷ ಪಾಠ

ನೂರಕ್ಕೆ ನೂರು ಸರಿ.

ಚಿಂತಾಮಣಿ ಗಣಿತ

ಒಪ್ಪಿದೆ. ಇವೆರಡು ಷರತ್ತು ಮೊದಲು. ನಾವು ಕಾಲೇಜಿನ ಕಡೆಯಿಂದ ಮಾಡಬಹುದಾದದ್ದು ಚಿಕ್ಕದು. ಕೊನೆ ವರ್ಷದ ಆಸಕ್ತಿ ಇರುವ ಮಕ್ಕಳನ್ನು ಶನಿವಾರ ಹತ್ತಿರದ ಹೈಸ್ಕೂಲಿಗೆ ಕಳಿಸುತ್ತೇನೆ. ಪ್ರಿನ್ಸಿಪಾಲರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಇಷ್ಟವಾದವರು ಬಿ.ಎಡ್‌ಗೆ ಹೋಗಲಿ. ಅವರ ಫೀಸಿಗೆ ಹಳೇ ವಿದ್ಯಾರ್ಥಿಗಳ ಹತ್ತಿರ ಕೇಳುತ್ತೇನೆ.

ಕೆಜಿಎಫ್ ಲೋಕಲ್

ಫೀಸಿನ ವಿಷಯ ಹಾಕಿ ಸಾರ್, ರೈಲಿನ ನಮ್ಮ ಗುಂಪಿನಲ್ಲಿ ಕೇಳುತ್ತೇನೆ. ನಾಲ್ಕು ಜನರಾದರೂ ಕೊಡುತ್ತಾರೆ.

ನರಸಾಪುರ ಶಿಫ್ಟ್

ನನಗೆ ವಾರದಲ್ಲಿ ಒಂದು ದಿನ ರಜೆ. ಬಿ.ಎಡ್ ಇಲ್ಲದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡಲು ಬಿಡುತ್ತಾರಾ? ಯಾರನ್ನು ಕೇಳಬೇಕು?

ಪಾವಗಡ ಮೇಷ್ಟ್ರು

ಬಿಡುತ್ತಾರೆ. ಮೊದಲು ಹೆಡ್ ಮಾಸ್ಟರನ್ನು ಕಾಣಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಂದು ನಿರ್ಣಯ ಬರೆಸಿ, ಬಿಇಒ ಆಫೀಸಿಗೆ ಒಂದು ಪ್ರತಿ ಕೊಡಿಸಿ. ಯಾರೂ ತಕರಾರು ಮಾಡದ ಹಾಗೆ ಇರುತ್ತದೆ. ಆಧಾರ್ ಪ್ರತಿ, ಡಿಗ್ರಿ ಅಂಕಪಟ್ಟಿ ಇಟ್ಟುಕೊಂಡು ಹೋಗಿ. ಶುರುವಿನಲ್ಲೇ ಹತ್ತನೇ ತರಗತಿ ಕೇಳಬೇಡಿ, ಏಳು ಎಂಟು ಕೇಳಿ. ಭಿನ್ನರಾಶಿ, ದಶಮಾಂಶ ಗಟ್ಟಿ ಮಾಡಿಸಿ. ಆ ಮಕ್ಕಳಿಗೆ ಮುಂದೆ ಬೀಜಗಣಿತ ಹೆದರಿಸುವುದಿಲ್ಲ.

ನರಸಾಪುರ ಶಿಫ್ಟ್

ಸರಿ ಸಾರ್. ನಮ್ಮೂರ ಎಸ್‌ಡಿಎಂಸಿ ಅಧ್ಯಕ್ಷರು ನಮ್ಮ ಬೀದಿಯವರೇ. ಸಂಜೆ ಹೋಗಿ ಮಾತಾಡುತ್ತೇನೆ.

ಬಾಗೇಪಲ್ಲಿ ಹೈವೇ

ಚೇಳೂರು ಕಡೆ ಯಾರಾದರೂ ವಿಜ್ಞಾನಕ್ಕೆ ಬರುವವರಿದ್ದರೆ ನನಗೆ ಮೆಸೇಜ್ ಮಾಡಿ. ಶಾಲೆಯಲ್ಲಿ ಮೈಕ್ರೋಸ್ಕೋಪ್ ಇದೆ, ಪೆಟ್ಟಿಗೆಯಿಂದ ಆಚೆ ತೆಗೆದೇ ಇಲ್ಲ. ಬಸ್ ಸ್ಟಾಂಡಿನಿಂದ ಕರೆದುಕೊಂಡು ಹೋಗಿ ವಾಪಸ್ ಬಿಡುವುದು ನನ್ನ ಜವಾಬ್ದಾರಿ, ಊಟ ನಮ್ಮ ಮನೆಯಲ್ಲಿ.